ಒಂದು ಬೆರಳಿನ ‘ಟಕ್’: ಫ್ಲಿಪ್ಪರ್ ಚಾಕು ನಮಗ್ಯಾಕೆ ಇಷ್ಟ ಆಗುತ್ತೆ?

ಹೈದರಾಬಾದಿನಿಂದ ಈ ವಾರದ ಮಾತು. ವಿಡಿಯೋದಲ್ಲಿ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಒಪ್ಪ ಮಾಡಿ ಬರೆದಿದ್ದೀನಿ. ಕ್ಯಾಮೆರಾ ಮುಂದೆ ಚಾಕು ಹಿಡಿದು ‘ಇಲ್ಲಿ ನೋಡಿ’ ಅಂದ ಕಡೆಯೆಲ್ಲ ಓದೋರಿಗೆ ಅರ್ಥ ಆಗೋ ಹಾಗೆ ವಿವರ ಸೇರಿಸಿದ್ದೀನಿ.

ಶುರು ಮಾಡೋ ಮೊದಲು ಒಂದು ಸಣ್ಣ ಘಟನೆ. ಹೋದ ತಿಂಗಳು ಮನೆಯಿಂದಲೇ ಕೆಲಸ ಮಾಡ್ತಿದ್ದ ಒಂದು ಬೆಳಗ್ಗೆ, ಸ್ಟ್ಯಾಂಡಪ್ ಕಾಲ್ ನಡೀತಾ ಇತ್ತು. ನನ್ನ ಸರದಿ ಮುಗಿದಿತ್ತು, ಮೈಕ್ ಮ್ಯೂಟ್ ಆಗಿತ್ತು, ಕೈ ಖಾಲಿ ಇತ್ತು. ಮೇಜಿನ ಮೇಲಿದ್ದ ಮಡಚೋ ಚಾಕು ಕೈಗೆ ಬಂತು. ಟಕ್ ಅಂತ ತೆಗೆಯೋದು, ಮುಚ್ಚೋದು. ಮತ್ತೆ ಟಕ್. ಎಷ್ಟು ಹೊತ್ತು ಹಾಗೆ ಮಾಡ್ತಿದ್ದೆನೋ ಗೊತ್ತಿಲ್ಲ. ತಿರುಗಿ ನೋಡಿದ್ರೆ ಆರು ವರ್ಷದ ಮಗ ಬಾಗಿಲಲ್ಲಿ ನಿಂತಿದ್ದಾನೆ. ಅವನ ಕೈಯಲ್ಲಿ ಅವರಮ್ಮನ ಮಡಚೋ ಬಾಚಣಿಗೆ. ನಾನು ಮಾಡಿದ ಹಾಗೇ ಬೆರಳಲ್ಲಿ ತಳ್ಳಿ ತಳ್ಳಿ ತೆಗೀತಾ ಇದ್ದಾನೆ.

“ಅಪ್ಪಾ, ಅದನ್ನ ಕೊಡು.”

“ಅದು ಆಟದ ಸಾಮಾನಲ್ಲ ಪುಟ್ಟ.”

“ಮತ್ತೆ ನೀನು ಆಡ್ತಿದ್ದೀಯಲ್ಲ?”

ನನ್ನ ಹತ್ರ ಉತ್ತರ ಇರಲಿಲ್ಲ. ಚಾಕು ತಗೊಂಡು ಒಂದು ವರ್ಷ ಆಗಿತ್ತು. ಹೆಂಡತಿಗೆ ನಾನು ಹೇಳಿದ ಕಾರಣ, ಪಾರ್ಸೆಲ್ ಬಿಚ್ಚೋಕೆ ಬೇಕು ಅಂತ. ಪಾರ್ಸೆಲ್ ಬಿಚ್ಚೋಕೆ ಅಡುಗೆಮನೆ ಕತ್ತರಿ ಸಾಕು ಅಂತ ಅವಳಿಗೂ ಗೊತ್ತು, ನನಗೂ ಗೊತ್ತು. ಹಾಗಾದ್ರೆ ನಾನು ಕೊಂಡಿದ್ದು ಏನನ್ನ? ಈ ವಾರದ ಪ್ರಶ್ನೆ ಅದೇ.

ಉತ್ತರವನ್ನ ಮೊದಲೇ ಹೇಳಿಬಿಡ್ತೀನಿ. ಫ್ಲಿಪ್ಪರ್ ಚಾಕುವಿನ ಸುಖ ಇರೋದು ತೆರೆಯೋದರಲ್ಲಿ, ಕೊಯ್ಯೋದರಲ್ಲಲ್ಲ. ತೆರೆಯೋದು ಒಂದು ಎಂಜಿನಿಯರಿಂಗ್, ಕೊಯ್ಯೋದು ಇನ್ನೊಂದು. ಎರಡನ್ನೂ ಒಂದೇ ಅಂದುಕೊಂಡ್ರೆ ದುಡ್ಡೂ ದಂಡ ಆಗುತ್ತೆ, ಮಕ್ಕಳ ಮುಂದೆ ಮಾತೂ ಸೋಲುತ್ತೆ.

ಫ್ಲಿಪ್ಪರ್ ಅಂದ್ರೆ ಯಾವುದು?

ನಾವೆಲ್ಲ ಚಿಕ್ಕವರಿದ್ದಾಗ ನೋಡಿದ ಮಡಚೋ ಚಾಕುವಿನ ಅಲಗಿನ ಮೇಲೆ ಒಂದು ಗೀರು ಇರ್ತಿತ್ತು. ಅದಕ್ಕೆ ಉಗುರು ಹಾಕಿ ಎಳೀಬೇಕು. ಸ್ವಿಸ್ ಚಾಕುವಿನದ್ದೂ ಹೀಗೇ. ಎರಡೂ ಕೈ ಬೇಕು, ಉಗುರು ಗಟ್ಟಿ ಇರಬೇಕು. ಆಮೇಲೆ ಒಂದೇ ಕೈಯಲ್ಲಿ ತೆರೆಯೋ ಉಪಾಯಗಳು ಬಂದವು. 1981ರಲ್ಲಿ ಅಮೆರಿಕದ ಸ್ಪೈಡರ್ಕೊ ಕಂಪನಿ ಅಲಗಿನಲ್ಲೇ ಒಂದು ದುಂಡನೆ ತೂತು ಕೊರೆದು, ಹೆಬ್ಬೆರಳು ಇಟ್ಟು ತಳ್ಳಿ ಅಂತು. ಕೆಲವರು ತೂತಿನ ಬದಲು ಒಂದು ಗುಬುಟು ಇಟ್ರು.

ಫ್ಲಿಪ್ಪರ್ ಇನ್ನೊಂದು ದಾರಿ ಹಿಡೀತು. ಅಲಗಿನ ಬುಡದಲ್ಲಿ ಒಂದು ಚಿಕ್ಕ ಕಿವಿ. ಚಾಕು ಮುಚ್ಚಿರುವಾಗ ಆ ಕಿವಿ ಹಿಡಿಯ ಬೆನ್ನಿನಿಂದ ಸ್ವಲ್ಪ ಹೊರಗೆ ಇಣುಕ್ತಾ ಇರುತ್ತೆ. ತೋರುಬೆರಳಿನಿಂದ ಅದನ್ನ ಒತ್ತಿದ್ರೆ ಅಲಗು ತಿರುಗಣೆಯ ಸುತ್ತ ಅರ್ಧ ಸುತ್ತು ತಿರುಗಿ ನೆಟ್ಟಗೆ ನಿಲ್ಲುತ್ತೆ. ತೆರೆದ ಮೇಲೆ ಅದೇ ಕಿವಿ ಕೆಳಗಡೆ ಬಂದು, ಬೆರಳು ಅಲಗಿನ ಮೇಲೆ ಜಾರದ ಹಾಗೆ ಅಡ್ಡಗೋಡೆ ಆಗುತ್ತೆ. ಒಂದೇ ಭಾಗ, ಎರಡು ಕೆಲಸ. ಕಿಟ್ ಕಾರ್ಸನ್ ಅನ್ನೋ ಅಮೆರಿಕದ ಕುಶಲಕರ್ಮಿ ವಿನ್ಯಾಸ ಮಾಡಿದ ಎಂ16 ಸರಣಿಯ ಚಾಕುಗಳಿಂದ ಈ ಕಿವಿ ತುಂಬಾ ಜನಕ್ಕೆ ಪರಿಚಯ ಆಯ್ತು.

ಆದ್ರೆ ಈ ಯೋಚನೆ ಹೊಸದೇನಲ್ಲ. ಜಪಾನಿನ ಮಿಕಿ ಪಟ್ಟಣದಲ್ಲಿ 1890ರ ದಶಕದಿಂದ ಹಿಗೊನೊಕಾಮಿ ಅನ್ನೋ ಮಡಚೋ ಚಾಕು ಮಾಡ್ತಾರೆ. ಅದರ ಅಲಗಿನ ಬುಡದಲ್ಲೂ ಬಾಲದಂಥ ಒಂದು ಸನ್ನೆ ಇದೆ. ಇನ್ನೂ ಹತ್ತಿರದ ಉದಾಹರಣೆ ಬೇಕಾ? ಊರಿನ ಕ್ಷೌರದಂಗಡಿ ನೆನಪು ಮಾಡಿಕೊಳ್ಳಿ. ಕ್ಷೌರದ ಕತ್ತಿಯ ಬುಡದಲ್ಲಿ ಬಾಗಿದ ಒಂದು ಬಾಲ ಇರ್ತಿತ್ತು. ಮಾತಾಡ್ತಾ ಮಾತಾಡ್ತಾ ಬೆರಳಿನಿಂದ ಅದನ್ನ ಅಮುಕಿ ಕತ್ತಿ ಬಿಚ್ತಿದ್ರು, ಕಣ್ಣು ನಮ್ಮ ಗಲ್ಲದ ಮೇಲೇ ಇರ್ತಿತ್ತು. ಅಲಗಿನ ಹಿಂದೆ ಒಂದು ಸನ್ನೆ ಇಟ್ಟು ಬೆರಳಿಂದ ತಿರುಗಿಸೋ ವಿದ್ಯೆಯನ್ನ ನಾನು ಮೊದಲು ನೋಡಿದ್ದು ಅಲ್ಲಿ, ಮೂಗಿನವರೆಗೆ ಬಟ್ಟೆ ಹೊದ್ದುಕೊಂಡು ಮರದ ಹಲಗೆ ಮೇಲೆ ಕೂತಾಗ.

ಆ ‘ಟಕ್’ ಎಲ್ಲಿಂದ ಬರುತ್ತೆ?

ಇಲ್ಲಿ ಸ್ವಲ್ಪ ನಿಧಾನಕ್ಕೆ ಹೋಗೋಣ, ಇಡೀ ವಿಷಯದ ಜೀವ ಇಲ್ಲೇ ಇದೆ. ಫ್ಲಿಪ್ಪರ್ ಒಳಗೆ ಅಲಗನ್ನ ಹೊರಗೆ ತಳ್ಳೋ ಸ್ಪ್ರಿಂಗ್ ಇದೆ ಅಂತ ತುಂಬಾ ಜನ ಅಂದುಕೊಳ್ತಾರೆ. ಕೆಲವು ಮಾಡೆಲ್‌ಗಳಲ್ಲಿ ಇರುತ್ತೆ, ಅದನ್ನ ‘ಅಸಿಸ್ಟೆಡ್’ ಅಂತಾರೆ. ಶುದ್ಧ ಫ್ಲಿಪ್ಪರ್‌ನಲ್ಲಿ ಅಂಥದ್ದೇನೂ ಇಲ್ಲ. ಹಾಗಾದ್ರೆ ಅಷ್ಟು ವೇಗ ಎಲ್ಲಿಂದ ಬಂತು?

ಚಿಕ್ಕವರಿದ್ದಾಗ ಕೇರಂ ಆಡ್ತಾ, ನಡುಬೆರಳನ್ನ ಹೆಬ್ಬೆರಳಿಗೆ ಸಿಕ್ಕಿಸಿ ಸ್ಟ್ರೈಕರ್‌ಗೆ ಹೊಡೀತಿದ್ದದ್ದು ನೆನಪಿದೆಯಾ? ನಡುಬೆರಳು ಮುಂದೆ ಹೋಗೋಕೆ ತಳ್ತಾ ಇರುತ್ತೆ, ಹೆಬ್ಬೆರಳು ಬಿಡಲ್ಲ. ಬಲ ಸೇರ್ತಾ ಹೋಗುತ್ತೆ. ಹೆಬ್ಬೆರಳು ಜಾರಿದ ತಕ್ಷಣ ಸೇರಿಕೊಂಡಿದ್ದೆಲ್ಲ ಒಟ್ಟಿಗೆ ಹೊರಗೆ. ಹೆಬ್ಬೆರಳಿಲ್ಲದೆ ಬರೀ ನಡುಬೆರಳಲ್ಲಿ ತಳ್ಳಿ ನೋಡಿ, ಸ್ಟ್ರೈಕರ್ ಆ ಕಡೆಗೂ ಮುಟ್ಟಲ್ಲ. ಚಿಟಿಕೆ ಹೊಡೆಯೋದೂ ಇದೇ ಲೆಕ್ಕ.

ಫ್ಲಿಪ್ಪರ್‌ನಲ್ಲಿ ಆ ಹೆಬ್ಬೆರಳಿನ ಕೆಲಸ ಮಾಡೋದು ಡಿಟೆಂಟ್. ಹಿಡಿಯ ಒಳಗಡೆ ಒಂದು ಲೋಹದ ಪಟ್ಟಿ ಅಲಗಿನ ಕಡೆಗೆ ಒತ್ತಿಕೊಂಡಿರುತ್ತೆ. ಆ ಪಟ್ಟಿಯಲ್ಲಿ ಸಾಸಿವೆ ಕಾಳಿನಷ್ಟು ದೊಡ್ಡ ಒಂದು ಗುಂಡು ಕೂರಿಸಿರ್ತಾರೆ, ಉಕ್ಕಿನದ್ದೋ ಸೆರಾಮಿಕ್ಕಿನದ್ದೋ. ಅಲಗಿನ ಬುಡದಲ್ಲಿ ಒಂದು ಪುಟ್ಟ ಕುಳಿ. ಚಾಕು ಮುಚ್ಚಿದಾಗ ಗುಂಡು ಕುಳಿಯಲ್ಲಿ ಕೂತ್ಕೊಳ್ಳುತ್ತೆ. ನೀವು ಕಿವಿ ಒತ್ತಿದ್ರೆ ಮೊದಲು ಏನೂ ಆಗಲ್ಲ, ಗುಂಡು ಬಿಡಲ್ಲ. ಬೆರಳು ಇನ್ನೂ ಒತ್ತುತ್ತೆ. ಒಂದು ಮಿತಿ ದಾಟಿದಾಗ ಗುಂಡು ಕುಳಿಯ ದಡ ಹತ್ತಿ ಹೊರಗೆ ಬರುತ್ತೆ. ತಡೆ ಒಮ್ಮೆಲೇ ಮಾಯ. ಬೆರಳಿನಲ್ಲಿ ಸೇರಿದ್ದ ಬಲ ಪೂರ್ತಿ ಅಲಗಿಗೆ. ಕಣ್ಣು ಮಿಟುಕಿಸೋದರೊಳಗೆ ಅಲಗು ತಿರುಗಿ ತಡೆಗೂಟಕ್ಕೆ ಬಡಿಯುತ್ತೆ. ಆ ಬಡಿತವೇ ‘ಟಕ್’.

ಅಂದ್ರೆ ಸ್ಪ್ರಿಂಗ್ ಇದೆ, ಆದ್ರೆ ಅದು ಚಾಕುವಿನಲ್ಲಿಲ್ಲ, ನಿಮ್ಮ ಬೆರಳಲ್ಲಿದೆ. ಚಾಕು ಮಾಡೋದು ಒಂದೇ ಕೆಲಸ: ಸರಿಯಾದ ಕ್ಷಣದವರೆಗೆ ಬೇಡ ಅನ್ನೋದು.

ಆದ್ದರಿಂದಲೇ ಡಿಟೆಂಟ್ ಹೊಂದಿಸೋದು ನಾಜೂಕು ಕೆಲಸ. ತಡೆ ಕಡಿಮೆ ಆದ್ರೆ ಅಲಗು ಅರ್ಧ ದಾರಿಯಲ್ಲೇ ನಿಲ್ಲುತ್ತೆ, ಜೇಬಿನಲ್ಲಿ ತಾನಾಗೇ ಬಿಚ್ಚಿಕೊಳ್ಳೋ ಅಪಾಯವೂ ಇದೆ. ಜಾಸ್ತಿ ಆದ್ರೆ ಬೆರಳು ನೋಯುತ್ತೆ. ತಡೆ ಹೋದ ಮೇಲೆ ಅಲಗು ಸರಾಗವಾಗಿ ತಿರುಗಬೇಕು. ಅದಕ್ಕೆ ತಿರುಗಣೆಯ ಎರಡೂ ಕಡೆ ಕಂಚಿನ ವಾಷರ್ ಇಲ್ಲವೇ ಬಾಲ್ ಬೇರಿಂಗ್ ಹಾಕ್ತಾರೆ. ಬ್ರೆಜಿಲ್ಲಿನ ಫ್ಲಾವಿಯೊ ಇಕೋಮಾ ಅವರ ಹೆಸರಿನ ಬೇರಿಂಗ್ ವ್ಯವಸ್ಥೆ ಈ ಲೋಕದಲ್ಲಿ ಪ್ರಸಿದ್ಧ. ಫ್ಯಾನಿನಲ್ಲಿ, ಸ್ಕೇಟಿಂಗ್ ಚಕ್ರದಲ್ಲಿ ಇರೋ ತತ್ವವೇ, ಅಳತೆ ಮಾತ್ರ ಗುಂಡಿಯಷ್ಟು.

ನನ್ನದೇ ಒಂದು ಪೆದ್ದುತನ ಹೇಳ್ತೀನಿ. ಚಾಕು ಬಂದ ದಿನ ಎಷ್ಟು ಒತ್ತಿದ್ರೂ ತೆರೀತಾ ಇರಲಿಲ್ಲ. ಬೆರಳು ಕೆಂಪಗಾಯ್ತು. ಡಿಫೆಕ್ಟ್ ಪೀಸ್ ಅಂತ ರಿಟರ್ನ್ ಫಾರ್ಮ್ ಅರ್ಧ ತುಂಬಿಸಿದ್ದೆ. ಆಮೇಲೆ ಹೊಳೀತು: ನನ್ನ ಉಳಿದ ಮೂರು ಬೆರಳು ಡಿಟೆಂಟ್ ಪಟ್ಟಿಯ ಮೇಲೇ ಕೂತಿದ್ವು. ನಾನೇ ಗುಂಡನ್ನ ಕುಳಿಯೊಳಗೆ ಅದುಮಿ ಹಿಡಿದು, ನಾನೇ ಯಾಕೆ ತೆರೀತಿಲ್ಲ ಅಂತ ಬೈತಿದ್ದೆ. ಒಂದು ಥ್ರೆಡ್ಡಲ್ಲಿ ಲಾಕ್ ಹಿಡಿದು ಇನ್ನೊಂದರಲ್ಲಿ ಅದೇ ಲಾಕ್‌ಗೆ ಕಾಯೋ ಡೆಡ್‌ಲಾಕ್, ಕೈಯಲ್ಲೇ! ಬೆರಳು ಪಟ್ಟಿಯಿಂದ ಆಚೆ ಸರಿಸಿದೆ. ಟಕ್. ನಿಮ್ಮ ಹತ್ರ ‘ಗಟ್ಟಿ’ ಫ್ಲಿಪ್ಪರ್ ಇದ್ರೆ ಮೊದಲು ಇದನ್ನ ನೋಡಿ.

ತೆರೆದದ್ದು ಮುಚ್ಚಬಾರದು

ತೆರೆದ ಅಲಗು ಬೆರಳ ಮೇಲೆ ಮಡಚಿಕೊಂಡ್ರೆ ಕಥೆ ಮುಗೀತು. ಅದಕ್ಕೆ ಬೀಗ ಬೇಕು. ಅದೇ ಲೋಹದ ಪಟ್ಟಿ ಇಲ್ಲಿ ಎರಡನೇ ಕೆಲಸ ಮಾಡುತ್ತೆ: ಅಲಗು ಪೂರ್ತಿ ತೆರೆದಾಗ ಪಟ್ಟಿ ಪಕ್ಕಕ್ಕೆ ಹಾರಿ ಅಲಗಿನ ಬುಡದ ಹಿಂದೆ ಸಿಕ್ಕಿಕೊಳ್ಳುತ್ತೆ. ಹಿಡಿಯ ಒಳಪದರದ ಪಟ್ಟಿಯಾದ್ರೆ ಅದು ಲೈನರ್ ಲಾಕ್. ಅದರ ಈಗಿನ ರೂಪ 1980ರ ದಶಕದಲ್ಲಿ ಮೈಕೆಲ್ ವಾಕರ್ ಅವರಿಂದ ಬಂತು. ಹಿಡಿಯ ಒಂದು ಪಕ್ಕವನ್ನೇ ಸೀಳಿ ಪಟ್ಟಿ ಮಾಡಿದ್ರೆ ಫ್ರೇಮ್ ಲಾಕ್. ದಕ್ಷಿಣ ಆಫ್ರಿಕಾದಿಂದ ಅಮೆರಿಕಕ್ಕೆ ಹೋಗಿ ನೆಲೆಸಿದ ಕ್ರಿಸ್ ರೀವ್ ಅದನ್ನ ತಮ್ಮ ಸೆಬೆಂಜಾ ಚಾಕುವಿನಲ್ಲಿ ತಂದ್ರು. ಝುಲು ಭಾಷೆಯಲ್ಲಿ ‘ಸೆಬೆಂಜಾ’ ಅಂದ್ರೆ ಕೆಲಸ. ಈ ಹೆಸರು ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತೆ.

ಬೀಗ ಸಿಕ್ಕಿಕೊಳ್ಳೋ ಜಾಗ ನೇರವಾಗಿ ಇರಲ್ಲ, ಕೆಲವೇ ಡಿಗ್ರಿ ಇಳಿಜಾರು ಇರುತ್ತೆ. ಬಾಗಿಲ ಕೆಳಗೆ ಬೆಣೆ ತಳ್ಳಿದ ಹಾಗೆ. ಸವೆದಷ್ಟೂ ಪಟ್ಟಿ ಇನ್ನೊಂದು ಕೂದಲೆಳೆಯಷ್ಟು ಮುಂದೆ ಹೋಗಿ ಕೂರುತ್ತೆ, ಅಲಗು ಅಲ್ಲಾಡಲ್ಲ. ಇಳಿಜಾರು ಹೆಚ್ಚಾದ್ರೆ ಒತ್ತಡಕ್ಕೆ ಜಾರಿಬಿಡುತ್ತೆ, ತೀರಾ ಕಡಿಮೆಯಾದ್ರೆ ಸಿಕ್ಕಿಕೊಂಡು ಬಿಡಿಸೋಕೇ ಬರಲ್ಲ. ನನ್ನ ಎಡಗೈ ಹೆಬ್ಬೆರಳಲ್ಲಿ ಒಂದು ಗಾಯದ ಗುರುತಿದೆ. ಬೀಗ ಜಾರಿದ್ದಲ್ಲ, ನಾನು ಮುಚ್ಚೋವಾಗ ಕಾಲ್‌ನಲ್ಲಿ ಯಾರೋ ನನ್ನ ಹೆಸರು ಕರೆದ್ರು, ನಾನು ತಲೆ ಎತ್ತಿದೆ, ಅಷ್ಟೇ. ಈ ಥರದ ಬೀಗ ಬಿಡಿಸೋಕೆ ಹೆಬ್ಬೆರಳು ಅಲಗಿನ ದಾರಿಯಲ್ಲೇ ಇರಬೇಕಾಗುತ್ತೆ. ಬೇರಿಂಗ್ ಇರೋ ಅಲಗು ಕಾಯಲ್ಲ, ತಾನಾಗೇ ಬೀಳುತ್ತೆ. ಬೀಗ ಬಿಡಿಸಿದ ಮೇಲೆ ಬೆರಳು ತೆಗೆದು ಆಮೇಲೆ ಮುಚ್ಚಬೇಕು. ಪ್ರತಿ ಸಲ.

ನಮ್ಮಂಥವರಿಗೇ ಯಾಕೆ?

ನಮ್ಮ ಟೀಮಲ್ಲಿ ಮೆಕ್ಯಾನಿಕಲ್ ಕೀಬೋರ್ಡ್ ಹುಚ್ಚಿರೋರು ನಾಲ್ಕು ಜನ ಇದ್ದಾರೆ. ನೀಲಿ ಸ್ವಿಚ್ಚಾ, ಕಂದು ಸ್ವಿಚ್ಚಾ ಅಂತ ಊಟದ ಹೊತ್ತಲ್ಲಿ ಜಗಳ. ಅವರು ಹುಡುಕ್ತಿರೋದೂ ಇದನ್ನೇ: ಒತ್ತಿದಾಗ ಮೊದಲು ಸ್ವಲ್ಪ ತಡೆ, ಆಮೇಲೆ ಒಮ್ಮೆಲೇ ಬಿಡುಗಡೆ. ಮೌಸಿನ ಕ್ಲಿಕ್, ಹಳೇ ಮನೆಯ ಕರಿ ಬೇಕಲೈಟ್ ಸ್ವಿಚ್, ಕೊಡೆಯ ಬಟನ್, ಸ್ಟೀಲ್ ಡಬ್ಬಿಯ ಮುಚ್ಚಳ ಎಲ್ಲದರಲ್ಲೂ ಒಂದು ಮಿತಿ ಇದೆ, ಆ ಮಿತಿ ದಾಟಿದ್ದು ಕೈಗೆ ಗೊತ್ತಾಗುತ್ತೆ. ಅರ್ಧಂಬರ್ಧ ಸ್ಥಿತಿ ಇಲ್ಲ. ಆಯ್ತು, ಇಲ್ಲಾಂದ್ರೆ ಆಗಿಲ್ಲ.

ನಮ್ಮ ಕೆಲಸದಲ್ಲಿ ಆ ಸುಖ ಕಡಿಮೆ. ಬೆಳಗ್ಗೆ ಒಂದು ಬದಲಾವಣೆ ಮಾಡಿದ್ರೆ ರಿವ್ಯೂ ಆಗಿ, ಬಿಲ್ಡ್ ಆಗಿ, ಟೆಸ್ಟ್ ಆಗಿ, ಬಳಸೋರ ಕೈಗೆ ಹೋಗೋ ಹೊತ್ತಿಗೆ ಎರಡು ವಾರ. ಅಷ್ಟರಲ್ಲಿ ಅದು ನನ್ನ ಕೆಲಸ ಅನ್ನೋದೇ ಮರೆತಿರುತ್ತೆ. ಸಿಸ್ಟಮ್ ಪೂರ್ತಿ ಹೇಗೆ ನಡೆಯುತ್ತೆ ಅಂತ ತಿಳಿದೋರು ಆಫೀಸಲ್ಲಿ ಯಾರೂ ಇಲ್ಲ. ಚಾಕುವಿನಲ್ಲಿ ಇಪ್ಪತ್ತು ಭಾಗ ಇರಬಹುದು. ಒಂದು ಸ್ಕ್ರೂಡ್ರೈವರ್ ಹಿಡಿದು ಭಾನುವಾರ ಮಧ್ಯಾಹ್ನ ಎಲ್ಲ ಬಿಚ್ಚಿ, ಒರೆಸಿ, ಒಂದು ಹನಿ ಎಣ್ಣೆ ಬಿಟ್ಟು, ಮತ್ತೆ ಜೋಡಿಸಬಹುದು. ಪೂರ್ತಿ ಅರ್ಥ ಆಗೋ ಒಂದು ಯಂತ್ರ ಕೈಯಲ್ಲಿದೆ ಅನ್ನೋದು ಸಣ್ಣ ಸಮಾಧಾನ ಅಲ್ಲ.

ಇಷ್ಟೆಲ್ಲ ಹೇಳಿದೆ, ಎಲ್ಲೂ ಕೊಯ್ಯೋ ಮಾತೇ ಬರಲಿಲ್ಲ, ಗಮನಿಸಿದ್ರಾ? ಅದನ್ನ ಗಮನಿಸಿದ್ದು ನಮ್ಮಪ್ಪ.

ಅಪ್ಪನ ಪರೀಕ್ಷೆ

ನಮ್ಮೂರು ತೀರ್ಥಹಳ್ಳಿ ಕಡೆ. ಅಡಿಕೆ ತೋಟದ ಮನೆ, ಹಾಗಾಗಿ ಕತ್ತಿಗಳಿಗೇನೂ ಕೊರತೆ ಇಲ್ಲ. ಅಡಿಕೆ ಸುಲಿಯೋಕೆ ಮೆಟ್ಟುಗತ್ತಿ, ಎಲೆಯಡಿಕೆ ತಟ್ಟೆಯಲ್ಲಿ ಅಡಕತ್ತರಿ, ಅಡುಗೆಮನೆಯಲ್ಲಿ ಈಳಿಗೆಮಣೆ. ಅದಲ್ಲದೆ ಅಪ್ಪನದ್ದೇ ಒಂದು ಚೂರಿ. ಲಾರಿಯ ಸ್ಪ್ರಿಂಗ್ ಪಟ್ಟಿಯಿಂದ ಊರಿನ ಕುಲುಮೆಯಲ್ಲಿ ಮಾಡಿಸಿದ್ದು, ಮರದ ಹಿಡಿ. ಮಸೆದು ಮಸೆದು ಅಲಗು ಅರ್ಧಕ್ಕೆ ಬಂದಿದೆ.

ಬೇಸಿಗೆಯಲ್ಲಿ ಊರಿಗೆ ಹೋದಾಗ ಹೆಮ್ಮೆಯಿಂದ ನನ್ನ ಚಾಕು ತೋರಿಸಿದೆ. ಟಕ್ ಅನಿಸಿದೆ. ಅಪ್ಪ ನಕ್ಕರು, ತಗೊಂಡು ಅವರೂ ಎರಡು ಸಲ ಟಕ್ ಅನಿಸಿದರು. ಆಮೇಲೆ ಜಗಲಿಯಲ್ಲಿ ರಾಶಿ ಹಾಕಿದ್ದ ಮಾವಿನಕಾಯಿಯಲ್ಲಿ ಒಂದನ್ನ ತಗೊಂಡು ಕೊಯ್ಯೋಕೆ ಹೋದರು.

“ಎಂಥದಾ ಮಾರಾಯ ಇದು? ಕೊಯ್ತಿಲ್ಲ, ಸೀಳ್ತಿದೆ!”

ನಿಜ. ಹೋಳು ಆಗೋ ಬದಲು ಕಾಯಿ ಕಟಕ್ ಅಂತ ಸೀಳಿ ಹೋಯ್ತು. ಅವರ ಚೂರಿಯಲ್ಲಿ ಅದೇ ಕಾಯಿ ಕಾಗದದ ಹಾಗೆ ತೆಳ್ಳಗೆ ಬಂತು. ನನ್ನದು ಮಸೆದು ಹರಿತ ಮಾಡಿದ್ದ ಅಲಗು, ಕೈಮೇಲಿನ ಕೂದಲು ತೆಗೆಯೋಷ್ಟು. ಹಾಗಾದ್ರೆ ತೊಂದರೆ ಎಲ್ಲಿ?

ಹೈದರಾಬಾದಿಗೆ ವಾಪಸ್ ಬಂದು ಡಿಜಿಟಲ್ ವರ್ನಿಯರ್ ಹಿಡಿದು ಅಳೆದೆ. ನನ್ನ ಅಲಗು ಬೆನ್ನಿನಲ್ಲಿ 3 ಮಿ.ಮೀ.ಗಿಂತ ದಪ್ಪ. ಅದು ದೊಡ್ಡ ವಿಷಯ ಅಲ್ಲ. ಹರಿತದ ಅಂಚಿನ ಹಿಂದೆಯೇ ಅರ್ಧ ಮಿ.ಮೀ.ಗಿಂತ ಹೆಚ್ಚು. ನಮ್ಮ ಅಡುಗೆಮನೆಯ ಅಗ್ಗದ ತರಕಾರಿ ಚಾಕುವಿನದ್ದು ಅದರ ಅರ್ಧವೂ ಇಲ್ಲ. ಅಂಚು ಎಷ್ಟೇ ಹರಿತ ಇರಲಿ, ಅದರ ಹಿಂದೆ ಬರೋ ದಪ್ಪ ಭಾಗ ಕಾಯಿಯನ್ನ ಎರಡೂ ಕಡೆಗೆ ತಳ್ಳುತ್ತೆ. ಅದು ಬೆಣೆಯ ಕೆಲಸ, ಕೊಡಲಿಯ ಕೆಲಸ. ಕೊಯ್ಯೋಕೆ ತೆಳುವಾಗಿರಬೇಕು.

ಹಾಗಾದ್ರೆ ಕಂಪನಿಗಳು ದಪ್ಪ ಯಾಕೆ ಇಡ್ತವೆ? ಕೈಯಲ್ಲಿ ಹಿಡಿದಾಗ ಗಟ್ಟಿಮುಟ್ಟು ಅನ್ನಿಸುತ್ತೆ. ತೂಕದ ಅಲಗು ತಿರುಗೋವಾಗ ರಭಸ ಚೆನ್ನಾಗಿರುತ್ತೆ, ಬಡಿತದ ಸದ್ದೂ ಗಂಭೀರವಾಗಿರುತ್ತೆ. ಅಂದ್ರೆ ‘ಟಕ್’ ಚೆನ್ನಾಗಿ ಬರಲಿ ಅಂತ ಮಾಡಿದ್ದೇ ಕೊಯ್ಯೋದನ್ನ ಕೆಡಿಸುತ್ತೆ. ಎಲ್ಲ ಫ್ಲಿಪ್ಪರ್ ಹೀಗೇ ಅಂತಲ್ಲ, ತೆಳು ಅಲಗಿನವೂ ಇವೆ. ಫ್ರಾನ್ಸಿನ ಸವೋಯ್ ಪ್ರಾಂತ್ಯದಲ್ಲಿ 1890ರಲ್ಲಿ ಶುರುವಾದ ಒಪಿನೆಲ್ ಚಾಕು ನೋಡಿ: ಮರದ ಹಿಡಿ, ತೆಳು ಅಲಗು, ಉಗುರು ಹಾಕಿ ಎಳೆದು ತೆಗೀಬೇಕು, ಟಕ್ ಇಲ್ಲ ಗಿಕ್ ಇಲ್ಲ. ಮಾವಿನಕಾಯಿ ಮಾತ್ರ ಅಪ್ಪನ ಚೂರಿಯ ಹಾಗೇ ಕೊಯ್ಯುತ್ತೆ. ಕೆಲಸಕ್ಕೆ ಬೇಕಾದ್ರೆ ಅಲಗಿನ ದಪ್ಪ ಕೇಳಿ ತಗೊಳ್ಳಿ, ಸುಖಕ್ಕೆ ಬೇಕಾದ್ರೆ ಡಿಟೆಂಟ್ ನೋಡಿ ತಗೊಳ್ಳಿ. ಸೆಬೆಂಜಾ ಅಂತ ಹೆಸರಿಟ್ಟ ಮಾತ್ರಕ್ಕೆ ಕೆಲಸ ಆಗಿಬಿಡಲ್ಲ, ನಾವು ಮಾಡಿದ್ರೆ ಆಗುತ್ತೆ.

ಉಕ್ಕು ಯಾರದ್ದು?

ನನ್ನ ಚಾಕುವಿನ ಅಲಗಿನ ಮೇಲೆ ‘ಡಿ2’ ಅಂತ ಕೊರೆದಿದೆ. ಅದು ಉಕ್ಕಿನ ಹೆಸರು: ಸುಮಾರು 1.5% ಇಂಗಾಲ, 12% ಕ್ರೋಮಿಯಂ, ಸ್ವಲ್ಪ ವೆನೇಡಿಯಂ, ಮಾಲಿಬ್ಡಿನಂ. ಚಾಕು ತಯಾರಾಗಿದ್ದು ಚೀನಾದ ಗುವಾಂಗ್‌ಡಾಂಗ್ ಪ್ರಾಂತ್ಯದ ಯಾಂಗ್‌ಜಿಯಾಂಗ್‌ನಲ್ಲಿ. ಕೈಗೆಟುಕೋ ಬೆಲೆಯ ಫ್ಲಿಪ್ಪರ್‌ಗಳಲ್ಲಿ ಬಹಳಷ್ಟು ಅಲ್ಲಿಂದಲೇ ಬರೋದು.

ಆ 1.5% ಇಂಗಾಲ ಅನ್ನೋ ಅಂಕಿ ನೋಡಿದಾಗ ನನಗೆ ನೆನಪಾಗಿದ್ದು ವೂಟ್ಜ್. ಹಿಂದೆ ದಕ್ಷಿಣ ಭಾರತದಲ್ಲಿ ಮೂಸೆಯಲ್ಲಿ ಕರಗಿಸಿ ಮಾಡ್ತಿದ್ದ ಉಕ್ಕು. ಅದರಲ್ಲೂ ಇಂಗಾಲ ಹೆಚ್ಚುಕಮ್ಮಿ ಇಷ್ಟೇ. ಡಮಾಸ್ಕಸ್ ಕತ್ತಿ ಅಂತ ಜಗತ್ತು ಹೊಗಳಿದ, ನೀರಿನ ಅಲೆಯಂಥ ಗೆರೆಗಳ ಕತ್ತಿಗಳ ಮೂಲ ಅದೇ. ‘ವೂಟ್ಜ್’ ಅನ್ನೋ ಇಂಗ್ಲಿಷ್ ಪದ ಬಂದಿದ್ದು ನಮ್ಮ ‘ಉಕ್ಕು’ ಅನ್ನೋ ಪದದಿಂದ. ‘ವೂಕ್’ ಅಂತ ಬರೆದದ್ದು ಅಚ್ಚಿನಲ್ಲಿ ತಪ್ಪಾಗಿ ವೂಟ್ಜ್ ಆಗಿರಬೇಕು ಅಂತ ಆಕ್ಸ್‌ಫರ್ಡ್ ನಿಘಂಟು ಹೇಳುತ್ತೆ, ಮೂಲ ಕನ್ನಡ ಅಂತಲೂ ಹೇಳುತ್ತೆ. ಇದನ್ನ ಆಫೀಸಲ್ಲಿ ಹೇಳಿದ್ದಕ್ಕೆ ವಿಶಾಖಪಟ್ಟಣದ ಗೆಳೆಯ ಒಪ್ಪಲಿಲ್ಲ. ‘ಉಕ್ಕು ತೆಲುಗು, ವಿಶಾಖ ಉಕ್ಕು ಅಂದ್ರೆ ಏನಂದ್ಕೊಂಡೆ?’ ಅಂದ. ನಾನು ಭದ್ರಾವತಿ ಅಂದೆ. ಕೊನೆಗೆ ಎರಡೂ ಭಾಷೆಯಲ್ಲಿ ಅದೇ ಪದ ಅಂತ ಚಹಾ ಕುಡಿದು ರಾಜಿಯಾದ್ವಿ.

ನಾವು ಹೈದರಾಬಾದಿನಲ್ಲಿ ಕೂತಿರೋರು ತಿಳ್ಕೊಳ್ಳಬೇಕಾದ್ದು ಇನ್ನೊಂದಿದೆ. ಆ ಉಕ್ಕಿನ ಹೆಸರಾಂತ ಕೇಂದ್ರಗಳಲ್ಲಿ ಒಂದು ಇದೇ ತೆಲಂಗಾಣದ ನಿಜಾಮಾಬಾದ್ ಕಡೆಯ ಕೋನಸಮುದ್ರಂ. ಗ್ರೇಟ್ ಟ್ರಿಗೊನಾಮೆಟ್ರಿಕಲ್ ಸರ್ವೆಯ ಜೊತೆ ಇದ್ದ ವೈದ್ಯ, ಭೂವಿಜ್ಞಾನಿ ಹೆನ್ರಿ ವಾಯ್ಸಿ ಅಲ್ಲಿಯ ಕುಲುಮೆಗಳನ್ನ ಕಂಡು ಬರೆದಿಟ್ಟಿದ್ದು 1832ರಲ್ಲಿ ಪ್ರಕಟ ಆಯ್ತು. ಮಿರ್ತಪಲ್ಲಿ, ಕೊಂಡಾಪುರ ಅನ್ನೋ ಎರಡು ಊರಿನ ಕಬ್ಬಿಣ ಬೆರೆಸಿ, ಮಣ್ಣಿನ ಮೂಸೆಯಲ್ಲಿಟ್ಟು ಬಾಯಿ ಮುಚ್ಚಿ, ಬಹಳ ಹೊತ್ತು ಬೆಂಕಿ ಕೊಡ್ತಿದ್ರು. (ನಾವು ಬಾಡಿಗೆ ಕಟ್ಟಿ ಕಟ್ಟಿ ಸುಸ್ತಾಗಿರೋ ಕೊಂಡಾಪುರ ಅಲ್ಲ!) ಆ ಉಕ್ಕಿಗಾಗಿ ಇರಾನಿನ ಇಸ್ಫಹಾನ್‌ನಿಂದ ವ್ಯಾಪಾರಿಗಳು ಅಲ್ಲಿಗೆ ಬಂದು ತಂಗ್ತಿದ್ರು.

ಇನ್ನು ನಮ್ಮ ಇವತ್ತಿನ ವಿಷಯಕ್ಕೆ ನೇರ ಸಂಬಂಧ ಇರೋದು. 1790ರ ದಶಕದಲ್ಲಿ ಮುಂಬಯಿಯಿಂದ ಹೆಲೆನಸ್ ಸ್ಕಾಟ್ ಅನ್ನೋ ವೈದ್ಯ ಈ ಉಕ್ಕಿನ ಮಾದರಿಗಳನ್ನ ಲಂಡನ್ನಿನ ರಾಯಲ್ ಸೊಸೈಟಿಯ ಅಧ್ಯಕ್ಷ ಜೋಸೆಫ್ ಬ್ಯಾಂಕ್ಸ್‌ಗೆ ಕಳಿಸಿದ್ರು. ಜಾರ್ಜ್ ಪಿಯರ್ಸನ್ 1795ರಲ್ಲಿ ಅದರ ಬಗ್ಗೆ ಪ್ರಬಂಧ ಬರೆದ್ರು. ಉಕ್ಕು ಎಂಥದ್ದು ಅಂತ ಪರೀಕ್ಷಿಸೋಕೆ ಜೇಮ್ಸ್ ಸ್ಟೊಡಾರ್ಟ್ ಅನ್ನೋ ಚಾಕು ತಯಾರಕ ಅದರಿಂದ ಮಾಡಿದ್ದು ಖಡ್ಗವನ್ನಲ್ಲ, ಪೆನ್‌ನೈಫ್. ಹಕ್ಕಿಗರಿಯ ಲೇಖನಿ ಹೆರೆಯೋ ಪುಟ್ಟ ಚಾಕು. ಆಮೇಲೆ ಇದೇ ಸ್ಟೊಡಾರ್ಟ್ ಜೊತೆ ಸೇರಿ ಮೈಕೆಲ್ ಫ್ಯಾರಡೆ ಉಕ್ಕಿನ ಮಿಶ್ರಲೋಹಗಳ ಮೇಲೆ ಪ್ರಯೋಗ ಮಾಡಿದ್ರು. ಗೆರೆಗಳ ಗುಟ್ಟು ಬಿಡಿಸೋಕೆ ಇನ್ನೂ ಬಹಳ ಕಾಲ ಬೇಕಾಯ್ತು: ವೆನೇಡಿಯಂನಂಥ ಧಾತುಗಳು ಅತಿ ಸಣ್ಣ ಪ್ರಮಾಣದಲ್ಲಿದ್ರೂ ಕಾರ್ಬೈಡ್ ಕಣಗಳು ಸಾಲಾಗಿ ಕೂರ್ತವೆ ಅಂತ 1990ರ ದಶಕದಲ್ಲಿ ಜಾನ್ ವರ್ಹೋವನ್, ಆಲ್ಫ್ರೆಡ್ ಪೆಂಡ್ರೆ ತೋರಿಸಿಕೊಟ್ಟರು.

ಖರೀದಿ ಮಾಡೋರಿಗೆ ಒಂದು ಮಾತು. ಆನ್‌ಲೈನಲ್ಲಿ ‘ಡಮಾಸ್ಕಸ್’ ಅಂತ ಮಾರೋ ಚಾಕುಗಳು ಸಾಮಾನ್ಯವಾಗಿ ಎರಡು ಬಗೆಯ ಉಕ್ಕನ್ನ ಪದರ ಪದರವಾಗಿ ಬೆಸೆದು ಮಾಡಿದವು. ಚೆಂದ ಇರ್ತವೆ, ಆದ್ರೆ ಅದು ವೂಟ್ಜ್ ಅಲ್ಲ.

ಕಾಯ್ಕು ಸಾಬ್?

ಈಗ ಕಹಿ ಭಾಗ. ಒಂದು ಸಲ ಬ್ಯಾಗಿನ ಮೂಲೆಯಲ್ಲಿ ಚಾಕು ಇದ್ದದ್ದು ಮರೆತು ಒಂದು ಮಾಲ್‌ಗೆ ಹೋದೆ. ಸ್ಕ್ಯಾನರ್‌ನಲ್ಲಿ ಸಿಕ್ಕಿತು. ಸೆಕ್ಯುರಿಟಿಯ ಹಿರಿಯರು ಅದನ್ನ ಎತ್ತಿ ಹಿಡಿದು ಮೆಲ್ಲಗೆ ಕೇಳಿದರು: “ಯೇ ಕಾಯ್ಕು ರಖ್ಲೇಕೇ ಫಿರ್ರೇ ಸಾಬ್?” ಇದನ್ನ ಯಾಕೆ ಇಟ್ಕೊಂಡು ತಿರುಗ್ತಿದ್ದೀರಿ ಅಂತ. ಹಿಂದೆ ನಿಂತಿದ್ದ ಕುಟುಂಬ ಎರಡು ಹೆಜ್ಜೆ ಹಿಂದೆ ಸರೀತು. ಆ ಎರಡು ಹೆಜ್ಜೆ ನನಗೆ ಇನ್ನೂ ನೆನಪಿದೆ. ನನಗೆ ಅದು ಬೇರಿಂಗ್, ಡಿಟೆಂಟ್, ಉಕ್ಕು. ಅವರಿಗೆ ಅದು ಚಾಕು. ಅವರದ್ದೇ ಸರಿ, ತಪ್ಪು ಪೂರ್ತಿ ನನ್ನದು.

ಕಾನೂನನ್ನ ಸಾಮಾನ್ಯ ಮಾಹಿತಿಯಾಗಿ ಹೇಳ್ತೀನಿ, ವಕೀಲರ ಸಲಹೆ ಅಂದುಕೊಳ್ಳಬೇಡಿ. 1959ರ ಆಯುಧ ಕಾಯ್ದೆಯ ಕೆಳಗೆ ಬರೋ ನಿಯಮಗಳು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗನ್ನ ಆಯುಧದ ಪಟ್ಟಿಯಲ್ಲಿ ಇಡ್ತವೆ. ಮನೆಗೆಲಸ, ಕೃಷಿ, ಕೈಗಾರಿಕೆಗೆ ಅಂತ ಮಾಡಿದವು ಅದರಿಂದ ಹೊರಗೆ. ಆದ್ರೆ ಅಳತೆಯೊಂದೇ ಅಲ್ಲ, ಕೆಲವು ಕಡೆ ತೆರೆಯೋ ವಿಧಾನವೂ ಲೆಕ್ಕಕ್ಕೆ ಬರುತ್ತೆ. ದೆಹಲಿಯಲ್ಲಿ 1980ರ ಒಂದು ಅಧಿಸೂಚನೆ ಸ್ಪ್ರಿಂಗ್, ಗರಾರಿ, ಬಟನ್ ಅಥವಾ ಬೇರೆ ಯಾಂತ್ರಿಕ ಉಪಾಯದಿಂದ ತೆರೆಯೋ ಚಾಕುಗಳಿಗೆ 7.62 ಸೆಂ.ಮೀ. ಉದ್ದ, 1.72 ಸೆಂ.ಮೀ. ಅಗಲದ ಮಿತಿ ಹಾಕಿತು. ಗರಾರಿ ಅಂದ್ರೆ ಹಲ್ಲುಚಕ್ರ: ಕಟ್ ಕಟ್ ಕಟ್ ಅಂತ ತೆರೆಯೋ ರಾಮ್‌ಪುರಿ. ಹಳೇ ಹಿಂದಿ ಸಿನಿಮಾಗಳ ಖಳರ ಕೈಯಲ್ಲಿ ಆ ಸದ್ದೇ ಅರ್ಧ ಬೆದರಿಕೆ. ಸದ್ದಿಗೆ ಸುಖ ಪಡೋದೂ ಹೊಸದಲ್ಲ, ಹೆದರೋದೂ ಹೊಸದಲ್ಲ ಅಂತಾಯ್ತು.

ಹಾಗಾಗಿ ನನ್ನ ನಿಯಮ ಸರಳ. ಚಾಕು ಮನೆ ಬಿಟ್ಟು ಹೊರಗೆ ಹೋಗಲ್ಲ. ಮೆಟ್ರೋ, ಆಫೀಸ್, ಮಾಲ್, ವಿಮಾನದ ಕ್ಯಾಬಿನ್ ಬ್ಯಾಗ್ ಎಲ್ಲೂ ಇಲ್ಲ. ಜನರ ಮುಂದೆ ಟಕ್ ಅನಿಸೋದಿಲ್ಲ. ಊರಿಗೆ ಕಾರಲ್ಲಿ ಹೋಗೋವಾಗ ಡಬ್ಬಿಯಲ್ಲಿ ಮುಚ್ಚಿ ಡಿಕ್ಕಿಯಲ್ಲಿ ಇಡ್ತೀನಿ.

ಮಗನಿಗೆ ಏನು ಹೇಳಿದೆ

ಮಗನೂ ಸೆಕ್ಯುರಿಟಿಯವರೂ ಕೇಳಿದ್ದು ಒಂದೇ ಪ್ರಶ್ನೆ. ಇದು ಯಾಕೆ ಬೇಕು? ಪಾರ್ಸೆಲ್ ಅನ್ನೋ ಉತ್ತರವನ್ನ ಈಗ ಬಿಟ್ಟಿದ್ದೀನಿ. ಹೋದ ಭಾನುವಾರ ಅವನನ್ನ ಪಕ್ಕದಲ್ಲಿ ಕೂರಿಸಿಕೊಂಡು, “ಹೌದು ಪುಟ್ಟ, ನಾನು ಆಡ್ತಿದ್ದೆ. ಆದ್ರೆ ಅದು ದೊಡ್ಡವರ ಆಟ, ಕೈ ಕೊಯ್ಯುತ್ತೆ, ನೋಡು” ಅಂತ ಹೆಬ್ಬೆರಳಿನ ಗುರುತು ತೋರಿಸಿದೆ. ಅವನು ಅದನ್ನ ಮುಟ್ಟಿ ನೋಡಿ, ನೋವಾಯ್ತಾ ಅಂತ ಕೇಳಿದ. ಆಯ್ತು ಅಂದೆ. ಚಾಕು ಈಗ ಬೀರುವಿನಲ್ಲಿ, ಬೀಗದೊಳಗೆ. ಕಾಲ್ ನಡೆಯೋವಾಗ ಕೈಗೆ ಸಿಗಲ್ಲ.

ಆಮೇಲೆ ಕೇರಂ ಬೋರ್ಡ್ ತೆಗೆದ್ವಿ. ಹೆಬ್ಬೆರಳಿಗೆ ನಡುಬೆರಳು ಸಿಕ್ಕಿಸೋದು ಹೇಗೆ ಅಂತ ಹೇಳಿಕೊಟ್ಟೆ. ಮೊದಲ ಹತ್ತು ಸಲ ಸ್ಟ್ರೈಕರ್ ಅಲ್ಲೇ ಉರುಳಿತು. ಹನ್ನೊಂದನೇ ಸಲ ಬಿಳಿ ಕಾಯಿಗೆ ಟಕ್ ಅಂತ ಬಡೀತು. ಕಾಯಿ ತೂತಿಗೆ ಬೀಳಲಿಲ್ಲ, ಅವನಿಗೆ ಅದರ ಚಿಂತೆಯೂ ಇರಲಿಲ್ಲ. ಕೈ ನೋಡಿಕೊಂಡು ನಕ್ಕ. ಆ ನಗು ನನಗೆ ಗೊತ್ತಿತ್ತು.

ನಿಮ್ಮ ಮನೆಯಲ್ಲಿ ಇರೋ ಹಳೇ ಚೂರಿ, ಅಡಕತ್ತರಿ, ಮೆಟ್ಟುಗತ್ತಿಗಳ ಕಥೆ ಇದ್ರೆ ಬರೆದು ಕಳಿಸಿ. ಅದರಲ್ಲೂ ಊರಿನ ಕುಲುಮೆಯಲ್ಲಿ ಮಾಡಿಸಿದ್ದಾದ್ರೆ ಅಲಗಿನ ದಪ್ಪ ಅಳೆದು ಕಳಿಸಿ, ಮುಂದೊಂದು ವಿಡಿಯೋದಲ್ಲಿ ಎಲ್ಲ ಒಟ್ಟಿಗೆ ನೋಡೋಣ. ಅಲ್ಲಿವರೆಗೆ, ಬೆರಳು ಜೋಪಾನ.